ಹೊಳೆ ಬಿಟ್ಟುಹೋದ ತಿರುವು

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಥಾಮಸ್ ಕೋಲ್ ಬರೆದ ‘ದಿ ಆಕ್ಸ್‌ಬೋ’ ಎಂಬ ತೈಲಚಿತ್ರವಿದೆ. ಎತ್ತರ ಸುಮಾರು 131 ಸೆಂ.ಮೀ., ಅಗಲ 193. ಎಡಗಡೆಯ ಮುರಿದ ಮರವೂ ಕಾರ್ಮೋಡವೂ ಮೊದಲು ಕಣ್ಣು ಸೆಳೆಯುತ್ತವೆ. ಅವನ್ನು ದಾಟಿ ಕನೆಕ್ಟಿಕಟ್ ನದಿಯ ತಿರುವಿಗೆ ಬನ್ನಿ. ಹೊಳೆ ಲಾಳದ ಹಾಗೆ ಸುತ್ತಿ, ಹೊರಟ ಜಾಗದ ಹತ್ತಿರಕ್ಕೇ ಮರಳುತ್ತದೆ. ಇಂಥ ತಿರುವಿಗೇ ಇಂಗ್ಲಿಷಿನಲ್ಲಿ ಆಕ್ಸ್‌ಬೋ ಎನ್ನುತ್ತಾರೆ. ಚಿತ್ರ ಮುಗಿದದ್ದು 1836ರಲ್ಲಿ. 1840ರ ಪ್ರವಾಹದಲ್ಲಿ ಹೊಳೆ ಆ ತಿರುವಿನ ಕೊರಳನ್ನೇ, ಅಂದರೆ ಎರಡು ತುದಿಗಳ ನಡುವಿನ ಕಿರಿದಾದ ನೆಲವನ್ನೇ, ಕೊರೆದು ನೆಟ್ಟಗೆ ಹರಿಯಿತು. ಕೋಲ್ ಕಂಡ ಹರಿವಿಗೆ ಉಳಿದದ್ದು ನಾಲ್ಕೇ ವರ್ಷ.

ತಿರುವಿನಲ್ಲಿ ನೀರು ಹೊರದಡಕ್ಕೆ ರಭಸದಿಂದ ಬಡಿದು ಮಣ್ಣು ಕೀಳುತ್ತದೆ. ಒಳದಡದಲ್ಲಿ ನಿಧಾನವಾಗಿ ಮರಳು ಇಳಿಸುತ್ತದೆ. ವರ್ಷವರ್ಷವೂ ತಿರುವು ಹಿಗ್ಗುತ್ತಾ, ಕೊರಳು ಸಣ್ಣಗಾಗುತ್ತಾ ಹೋಗುತ್ತದೆ. ನೆರೆ ಬಂದಾಗ ನೀರು ಆ ಕಿರಿದಾದ ನೆಲದ ಮೇಲೆ ಹತ್ತುತ್ತದೆ. ಅಷ್ಟೇ ಎತ್ತರವನ್ನು ಕಡಿಮೆ ದೂರದಲ್ಲಿ ಇಳಿಯಬೇಕಾದ್ದರಿಂದ ವೇಗ ಹೆಚ್ಚಿ, ತನ್ನ ಕಾಲುವೆಯನ್ನು ತಾನೇ ತೋಡಿಕೊಳ್ಳುತ್ತದೆ. ಹಳೆಯ ತಿರುವಿನ ಬಾಯಲ್ಲಿ ಸೆಳೆತ ಸತ್ತು ಹೂಳು ತುಂಬುತ್ತದೆ. ಇಲ್ಲಿ ಒಂದು ಬಾಯಿ ಇನ್ನೂ ನದಿಗೆ ತೆರೆದೇ ಇದೆ, ದೋಣಿಗಳು ಓಡಾಡುತ್ತವೆ. ಚಿತ್ರದ ಬಲಭಾಗದ ಹಸಿರು ಹೊಲಗಳೂ ಇಂಥ ನೆರೆಗಳೇ ತಂದು ಹರಡಿದ ಮೆಕ್ಕಲು ಮಣ್ಣಿನವು.

ಕೋಲ್ ಹುಟ್ಟಿದ್ದು 1801ರಲ್ಲಿ, ಇಂಗ್ಲೆಂಡಿನ ಹತ್ತಿ ಗಿರಣಿಗಳ ಊರು ಬೋಲ್ಟನ್‌ನಲ್ಲಿ. ಅಮೆರಿಕಕ್ಕೆ ಬಂದದ್ದು 1818ರಲ್ಲಿ. ಗಿರಣಿ ಊರಿನ ನೆಲವನ್ನು ಏನು ಮಾಡುತ್ತದೆ ಎಂದು ಕಂಡವನಿಗೆ ಇಲ್ಲಿನ ಕೊಡಲಿ ಏಟು ಬೇಗ ಕೇಳಿಸಿತು ಅನ್ನಿಸುತ್ತದೆ. ದೂರದ ಗುಡ್ಡದಲ್ಲಿ ಮರ ಕಡಿದ ಬೋಳು ಗೆರೆಗಳನ್ನು ಬರೆದಿದ್ದಾನೆ. ಅವನ್ನು ಹೀಬ್ರೂ ಲಿಪಿಯ ‘ನೋಹ’ (ಬೈಬಲಿನ ಪ್ರಳಯದ ಕಥೆಯವನು) ಎಂದು ಓದುವ ಕಲಾ ಇತಿಹಾಸಕಾರರಿದ್ದಾರೆ. ಅಕ್ಷರ ಹೌದೋ ಅಲ್ಲವೋ, ಬೋಳು ಮಾತ್ರ ನಿಜ. ಕೆಳಗೆ ಬಂಡೆಗಳ ಸಂದಿಯಲ್ಲಿ ಟೋಪಿ ಹಾಕಿಕೊಂಡು ನಮ್ಮತ್ತ ಹೊರಳಿ ನೋಡುತ್ತಿರುವ ಪುಟ್ಟ ಚಿತ್ರಕಾರ ಅವನೇ. ಅವನನ್ನು ಹುಡುಕಲು ಸ್ವಲ್ಪ ಹೊತ್ತು ಬೇಕು. ಅಂಚಿನಲ್ಲಿ ಚಾಚಿದ ಛತ್ರಿ ಸಿಕ್ಕರೆ ಸುಲಭ.

ಅದೇ ನೋಟಕ್ಕೆ ಮ್ಯಾಸಚೂಸೆಟ್ಸ್‌ನ ಹ್ಯಾಡ್ಲಿಯಲ್ಲಿರುವ ಮೌಂಟ್ ಹೋಲಿಯೋಕ್ ಬೆಟ್ಟ ಹತ್ತಬೇಕು, ಅದರ ಎತ್ತರ ಸುಮಾರು 285 ಮೀಟರ್. ತಿರುವು ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆ ಹೋಗಿ. ಇಳಿಹೊತ್ತಿನಲ್ಲಿ ಬಿಸಿಲು ಎದುರಿಗೆ ಬಂದು ನೀರೆಲ್ಲ ಬೆಳ್ಳಗೆ ಹೊಳೆಯುತ್ತದೆ. ಫೋನಿನ ಅಗಲ ಲೆನ್ಸಿನಲ್ಲಿ ಹೊಳೆ ದಾರದಂತಾಗುತ್ತದೆ, ಜೂಮ್ ಮಾಡಿದರೆ ತಿರುವು ತುಂಡಾಗುತ್ತದೆ. ಫೋನ್ ನಿಲುವಾಗಿ ಹಿಡಿದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ನಾಲ್ಕೈದು ಫೋಟೋ ತೆಗೆದು ಜೋಡಿಸಿ. ಎಡಗಡೆಯ ಕಾಡುಬಂಡೆಯನ್ನು ಹಾಗೇ ಹುಡುಕಬೇಡಿ, ಕೋಲ್ ಸ್ಟುಡಿಯೋದಲ್ಲಿ ಕೂತು ಕಟ್ಟಿದ ಚಿತ್ರ ಅದು.

ಈಗ ಲಾಳದ ನೀರಿನ ಮೇಲೆ ಐ-91 ಹೆದ್ದಾರಿ ಹಾದುಹೋಗಿದೆ. ಆದರೆ ಅಮೆರಿಕದ ಈ ಈಶಾನ್ಯ ಭಾಗದ, ಅಂದರೆ ನ್ಯೂ ಇಂಗ್ಲೆಂಡಿನ, ಬೇಸಾಯ ಬಿಟ್ಟ ಗುಡ್ಡಗಳಲ್ಲಿ ಕಾಡು ಮತ್ತೆ ಬೆಳೆದು, ಅಂದಿಗಿಂತ ಇಂದೇ ಹೆಚ್ಚು ಮರಗಳಿವೆ.