ಸುಳ್ಳು ಹೇಳದೆಯೇ ಸುಳ್ಳುಸಾಕ್ಷಿಯಾದವರು

‘ಟ್ವೆಲ್ವ್ ಆಂಗ್ರಿ ಮೆನ್’ ಸಿನಿಮಾದಲ್ಲಿ ಇಬ್ಬರು ಮುಖ್ಯ ಸಾಕ್ಷಿಗಳಿದ್ದಾರೆ. ಇಬ್ಬರೂ ಬೇಕಂತಲೇ ಸುಳ್ಳು ಹೇಳಿದವರಲ್ಲ. ಆದರೂ ಕೊನೆಗೆ ಇಬ್ಬರ ಮಾತೂ ನಿಲ್ಲುವುದಿಲ್ಲ. ನಮ್ಮ ಚರ್ಚ್ ಸಭೆಯ ಯುವಕ ಯುವತಿಯರ ಜೊತೆ ಕೂತು ಈ ಸಿನಿಮಾ ನೋಡಿದಾಗಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ನೀವಿನ್ನೂ ನೋಡಿಲ್ಲದಿದ್ದರೆ ಮೊದಲು ನೋಡಿ ಬನ್ನಿ. ಇಲ್ಲಿ ಕಥೆಯನ್ನೆಲ್ಲ ಹೇಳಿಬಿಡುತ್ತೇನೆ.

1957ರ ಕಪ್ಪು ಬಿಳುಪು ಸಿನಿಮಾ ಇದು. ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ ಮೊದಲ ಸಿನಿಮಾ. ಒಂದೂವರೆ ಗಂಟೆಯ ಕಥೆ, ಹೆಚ್ಚುಕಡಿಮೆ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ನ್ಯೂಯಾರ್ಕ್‌ನ 18 ವರ್ಷದ ಹುಡುಗನೊಬ್ಬ ತಂದೆಯನ್ನು ಚಾಕುವಿನಿಂದ ಇರಿದು ಕೊಂದ ಎಂಬ ಆರೋಪ. ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪಿನಲ್ಲಿ, 12 ಜನ. ಎಲ್ಲರೂ ಒಂದೇ ಮಾತು ಹೇಳಬೇಕು. ತಪ್ಪಿತಸ್ಥ ಎಂದರೆ ಹುಡುಗನಿಗೆ ಮರಣದಂಡನೆ. ಮೊದಲ ಸಲ ಕೈ ಎತ್ತಿಸಿದಾಗ 11 ಜನ ‘ತಪ್ಪಿತಸ್ಥ’ ಎನ್ನುತ್ತಾರೆ. ಹೆನ್ರಿ ಫೋಂಡಾ ಮಾಡಿರುವ 8ನೇ ಸದಸ್ಯ ಮಾತ್ರ ಒಪ್ಪುವುದಿಲ್ಲ. ಹುಡುಗ ನಿರಪರಾಧಿ ಅಂತಲೂ ಅವನು ಹೇಳುವುದಿಲ್ಲ, ಗಮನಿಸಿ. ನನಗೆ ಗೊತ್ತಿಲ್ಲ, ಒಂದಿಷ್ಟು ಮಾತಾಡೋಣ ಎನ್ನುತ್ತಾನೆ, ಅಷ್ಟೆ.

ಈಗ ಆ ಸಾಕ್ಷಿಗಳ ವಿಷಯ. ಕೆಳಗಿನ ಮನೆಯ ಮುದುಕ ಹುಡುಗನ ಕೂಗು ಕೇಳಿದೆ, ದೇಹ ಬಿದ್ದ ಸದ್ದು ಕೇಳಿದೆ, 15 ಸೆಕೆಂಡಿನಲ್ಲಿ ಬಾಗಿಲಿಗೆ ಓಡಿ ಬಂದು ಅವನು ಮೆಟ್ಟಿಲಿಳಿದು ಹೋಗುವುದನ್ನು ನೋಡಿದೆ ಎಂದಿದ್ದಾನೆ. ಆದರೆ ಅವನದು ಕಾಲೆಳೆದು ನಡೆಯುವ ಸ್ಥಿತಿ. 8ನೇ ಸದಸ್ಯ ಕೋಣೆಯಲ್ಲೇ ಅಷ್ಟು ದೂರವನ್ನು ಅವನಂತೆಯೇ ಕಾಲೆಳೆದು ನಡೆದು ತೋರಿಸುತ್ತಾನೆ. 41 ಸೆಕೆಂಡು ಆಗುತ್ತದೆ. ಹಾಗಾದರೆ ಮುದುಕ ಯಾಕೆ ಹಾಗೆ ಹೇಳಿದ? ಇದಕ್ಕೆ ಉತ್ತರ ಕೊಡುವವನು ಜ್ಯೂರಿಯಲ್ಲಿ ಎಲ್ಲರಿಗಿಂತ ಹಿರಿಯನಾದ 9ನೇ ಸದಸ್ಯ. ಆ ಸಾಕ್ಷಿಯ ಹರಿದ ಕೋಟನ್ನು ಅವನು ಗಮನಿಸಿದ್ದ. ಜೀವನವಿಡೀ ಯಾರೂ ಆ ಮನುಷ್ಯನ ಮಾತು ಕೇಳಿಲ್ಲ, ಒಂದೇ ಒಂದು ಸಲ ತನ್ನ ಮಾತಿಗೂ ಬೆಲೆ ಬರಲಿ ಅಂತ ಆಸೆಪಟ್ಟ, ಆ ಆಸೆಯಲ್ಲಿ ತನ್ನನ್ನೇ ನಂಬಿಸಿಕೊಂಡ ಎನ್ನುತ್ತಾನೆ. ಆ ಮಾತಿನಲ್ಲಿ ಒಂದಿಷ್ಟೂ ತಿರಸ್ಕಾರ ಇಲ್ಲ.

ಎರಡನೆಯವಳು ಎದುರು ಕಟ್ಟಡದ ಹೆಂಗಸು. ನಡುವೆ ಎತ್ತರದ ಹಳಿಯ ಮೇಲೆ ರೈಲು ಹೋಗುತ್ತಿದ್ದಾಗ, ಅದರ ಕೊನೆಯ ಎರಡು ಬೋಗಿಗಳ ಕಿಟಕಿಯ ಮೂಲಕ ಕೊಲೆ ನೋಡಿದೆ ಎಂದವಳು. ನ್ಯಾಯಾಲಯಕ್ಕೆ ಕನ್ನಡಕ ಹಾಕದೆ ಬಂದಿದ್ದಳು. ಆದರೆ ಮೂಗಿನ ಎರಡೂ ಕಡೆ ಕನ್ನಡಕದ ಗುರುತು ಇತ್ತು. ಆ ರಾತ್ರಿ ನಿದ್ದೆ ಬಾರದೆ ಹಾಸಿಗೆಯಲ್ಲಿ ಹೊರಳಾಡುತ್ತಿದ್ದವಳು ಕನ್ನಡಕ ಹಾಕಿಕೊಂಡಿರಲು ಸಾಧ್ಯವಾ?

ಬೈಬಲ್‌ನ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಹೇಳಬಾರದು ಎಂಬುದನ್ನು ನಾವು ಸಂಡೇ ಸ್ಕೂಲಿನಿಂದಲೇ ‘ಸುಳ್ಳು ಹೇಳಬಾರದು’ ಅಂತ ಚಿಕ್ಕದು ಮಾಡಿಕೊಂಡಿದ್ದೇವೆ. ಆದರೆ ಆ ಆಜ್ಞೆ ಇನ್ನೊಬ್ಬನ ಜೀವ ಮತ್ತು ಹೆಸರನ್ನು ಕಾಯಲಿಕ್ಕೆ ಕೊಟ್ಟದ್ದು. ಮೋಶೆಯ ಧರ್ಮಶಾಸ್ತ್ರವನ್ನು ಓದಿದರೆ ಇದು ಗೊತ್ತಾಗುತ್ತದೆ. ಧರ್ಮೋಪದೇಶಕಾಂಡ 19ರಲ್ಲಿ ಒಬ್ಬನ ಸಾಕ್ಷಿ ಸಾಲದು, ಇಬ್ಬರು ಮೂವರು ಬೇಕು ಎಂದಿದೆ. ಅಲ್ಲಿಗೇ ನಿಲ್ಲುವುದಿಲ್ಲ. ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕು ಎಂದೂ ಇದೆ. 17ನೇ ಅಧ್ಯಾಯದಲ್ಲಿ, ಮರಣದಂಡನೆಯಾದರೆ ಸಾಕ್ಷಿ ಹೇಳಿದವನೇ ಮೊದಲ ಕಲ್ಲು ಎಸೆಯಬೇಕು ಎನ್ನುತ್ತದೆ. ‘ನಾನು ನೋಡಿದೆ’ ಅನ್ನುವ ಬಾಯಿಗೆ ಎಷ್ಟು ಭಾರ ಹೊರಿಸಿದ್ದಾನೆ ನೋಡಿ ದೇವರು! ಹೇಳುವವನ ಮೇಲೆ ಒಂದು ಭಾರ, ಕೇಳುವವನ ಮೇಲೆ ಇನ್ನೊಂದು.

ಕೇಳುವವರ ಭಾರವನ್ನು ನಾವು ತುಂಬ ಹಗುರವಾಗಿ ತೆಗೆದುಕೊಳ್ಳುತ್ತೇವೆ ಎಂಬುದು ನನ್ನ ನೋವು. ಪ್ರಾರ್ಥನಾ ಕೂಟ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು, “ಸಿಸ್ಟರ್, ಪ್ರಾರ್ಥನೆ ಮಾಡಿ ಅಂತ ಹೇಳ್ತಿದ್ದೀನಿ, ಬೇರೆ ಯಾರಿಗೂ ಹೇಳ್ಬೇಡಿ” ಅಂತ ಶುರು ಮಾಡುತ್ತಾರೆ. ಆಮೇಲೆ ಬರುವುದು ಒಬ್ಬರ ಮನೆಯ ವಿಷಯ, ಇಲ್ಲವೇ ಕಾಣಿಕೆ ದುಡ್ಡಿನ ಲೆಕ್ಕದ ಮೇಲೆ ಅನುಮಾನ. ಹೇಳುವವರು ಅಳುತ್ತಲೇ ಹೇಳುತ್ತಾರೆ, ನಿಜ ಅಂತಲೇ ನಂಬಿರುತ್ತಾರೆ. ಸಭೆಯ ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಹಾಗಾಗಿ ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ: “ನೀವು ಕಣ್ಣಾರೆ ನೋಡಿದ್ದೆಷ್ಟು, ಕೇಳಿದ್ದೆಷ್ಟು?” ಕೆಲವರಿಗೆ ಬೇಜಾರಾಗಿದೆ. ಆಗಲಿ. ಅಲ್ಲಿಲ್ಲದ ಆ ಮೂರನೆಯವರ ಪರವಾಗಿ ಯಾರಾದರೂ ಕೇಳಬೇಕಲ್ವಾ?

ಸಿನಿಮಾದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು 7ನೇ ಸದಸ್ಯ. ಅವನ ಜೇಬಿನಲ್ಲಿ ಬೇಸ್‌ಬಾಲ್ ಪಂದ್ಯದ ಟಿಕೆಟ್ ಇದೆ. ಬೇಗ ಮುಗಿಸಿ ಹೋಗಬೇಕು. ಗಾಳಿ ತಿರುಗುತ್ತಿದೆ ಅಂತ ಕಂಡ ಕೂಡಲೇ ಅವನೂ ಮತ ಬದಲಿಸಿ ‘ತಪ್ಪಿತಸ್ಥನಲ್ಲ’ ಎನ್ನುತ್ತಾನೆ. ಹುಡುಗನಿಗೆ ಅನುಕೂಲವಾದ ಮತವೇ ಅದು. ಆದರೂ ಬೇರೆ ದೇಶದಿಂದ ಬಂದು ನೆಲೆಸಿದ, ಗಡಿಯಾರ ಮಾಡುವ 11ನೇ ಸದಸ್ಯ ಅವನ ಮೇಲೆ ಸಿಡಿದು ಬೀಳುತ್ತಾನೆ. ನಿಜವಾಗಿ ಹಾಗೆ ಅನಿಸಿದ್ದರೆ ಮಾತ್ರ ಹೇಳು, ಸುಮ್ನೆ ಸಾಕಾಯ್ತು ಅಂತ ಹೇಳಬೇಡ ಎಂಬ ಸಿಟ್ಟು ಅದು.

ಇದನ್ನು ನೋಡುವಾಗ ನನಗೆ ಯೇಸುವಿನ ವಿಚಾರಣೆ ಮಾಡಿದ ರೋಮನ್ ಅಧಿಪತಿ ಪಿಲಾತ ನೆನಪಾದ. ಯೋಹಾನನ ಸುವಾರ್ತೆಯಲ್ಲಿ ಅವನು ಸತ್ಯ ಅಂದರೇನು ಎಂದು ಯೇಸುವನ್ನು ಕೇಳುತ್ತಾನೆ. ಉತ್ತರಕ್ಕೆ ಕಾಯುವುದೇ ಇಲ್ಲ, ಹೊರಗೆ ಹೋಗಿಬಿಡುತ್ತಾನೆ. ಪ್ರಸಂಗಗಳಲ್ಲಿ ಅವನನ್ನು ಸತ್ಯ ಗೊತ್ತಿಲ್ಲದವನು ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಈ ಮನುಷ್ಯನಲ್ಲಿ ನನಗೆ ಅಪರಾಧ ಕಾಣಲಿಲ್ಲ ಎಂದು ಅವನು ಮೂರು ಸಲ ಹೇಳಿದ. ತೀರ್ಪು ಅವನ ಕೈಯಲ್ಲೇ ಇತ್ತು, ಸರಿಯಾಗಿಯೂ ಇತ್ತು. ಗುಂಪು ಕೂಗಿದಾಗ ಬಿಟ್ಟುಕೊಟ್ಟ. ಬಹುಜನರ ಹಿಂದೆ ಹೋಗಿ ನ್ಯಾಯ ಕೆಡಿಸಬೇಡ ಎಂದು ವಿಮೋಚನಕಾಂಡ 23 ಹೇಳುವುದು ಇಂಥ ಹೊತ್ತಿಗೇ. 8ನೇ ಸದಸ್ಯನಿಗೆ ಏನು ನಡೆಯಿತೆಂದು ಗೊತ್ತಿಲ್ಲ, ಆದರೂ ಎದ್ದು ಹೋಗುವುದಿಲ್ಲ. ಪಿಲಾತನಿಗೆ ಗೊತ್ತಿತ್ತು, ಕೈ ತೊಳೆದುಕೊಂಡ.

ಕೊನೆಯವರೆಗೂ ಹಟ ಹಿಡಿಯುವವನು 3ನೇ ಸದಸ್ಯ. ತನ್ನ ಮಗನ ಮೇಲಿನ ಸಿಟ್ಟನ್ನು ಈ ಹುಡುಗನ ಮೇಲೆ ಹಾಕುತ್ತಿದ್ದಾನೆ ಎಂಬುದು ಅವನಿಗೇ ತಿಳಿದಾಗ ಮಗನ ಫೋಟೋ ಹರಿದು ಹಾಕಿ ಅಳುತ್ತಾನೆ. ಎಲ್ಲರೂ ಹೊರಟ ಮೇಲೆ 8ನೇ ಸದಸ್ಯ ಅವನ ಕೋಟು ತಂದು ತೊಡಿಸುತ್ತಾನೆ. ಸೋತವನಿಗೆ ಹಾಗೆ ಕೋಟು ತೊಡಿಸಬೇಕು ಅಂತ ಗೆದ್ದವನಿಗೆ ಅನಿಸುವುದು ಹೇಗೆ! ಪ್ರೀತಿಯಿಂದ ಸತ್ಯ ಹೇಳಿ ಎಂದು ಎಫೆಸದವರಿಗೆ ಬರೆದದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದು ಕಣ್ಣಿಗೆ ಕಂಡದ್ದು ಇಲ್ಲಿ.

ಒಂದು ವಿಷಯ ಮಾತ್ರ ನಾನು ಒಪ್ಪುವುದಿಲ್ಲ. 8ನೇ ಸದಸ್ಯ ತಾನೇ ಹೋಗಿ ಕೊಲೆಗೆ ಬಳಸಿದಂಥದ್ದೇ ಇನ್ನೊಂದು ಚಾಕು ಕೊಂಡು ತಂದು ಮೇಜಿಗೆ ಚುಚ್ಚುತ್ತಾನೆ. ಜ್ಯೂರಿ ಸದಸ್ಯರು ಹಾಗೆ ಸ್ವಂತ ತನಿಖೆ ಮಾಡುವಂತಿಲ್ಲ. ಸತ್ಯಕ್ಕಾಗಿ ಅಂತ ನಿಯಮ ಮುರಿದರೆ ನಡೆಯುತ್ತೆ ಎಂದು ಮಕ್ಕಳು ಕಲಿಯಬಾರದು ಅಂತ ಅಲ್ಲೇ ನಿಲ್ಲಿಸಿ ಹೇಳಿದೆ.

ಮುಗಿದಾಗ ಒಬ್ಬ ಹುಡುಗಿ ಕೇಳಿದಳು, “ಆಂಟಿ, ಹಾಗಾದ್ರೆ ಕೊಂದವರು ಯಾರು?” ಸಿನಿಮಾ ಅದನ್ನು ಹೇಳುವುದೇ ಇಲ್ಲ. ಮನುಷ್ಯರ ನ್ಯಾಯ ಅಲ್ಲಿಗೇ ನಿಲ್ಲುತ್ತದೆ, ಅನುಮಾನ ಇದ್ದಾಗ ಕೊಲ್ಲಬೇಡ ಎಂಬಲ್ಲಿಗೆ. ಆ ತಂದೆಯ ರಕ್ತಕ್ಕೆ ಉತ್ತರ ಕರ್ತನ ಹತ್ತಿರ ಇದೆ ಎಂದು ನಾನು ನಂಬುತ್ತೇನೆ, ಅವಳಿಗೂ ಹಾಗೆಯೇ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ. ಅದೂ ಒಳ್ಳೆಯದೇ.

ಮುಂದಿನ ಸಲ ಸುಸನ್ನಳ ಕಥೆ ಓದೋಣ ಎಂದಿದ್ದೇನೆ. ಕಥೋಲಿಕರ ಬೈಬಲ್‌ನಲ್ಲಿ ಅದು ದಾನಿಯೇಲನ 13ನೇ ಅಧ್ಯಾಯ, ನಮ್ಮ ಪ್ರೊಟೆಸ್ಟಂಟ್ ಬೈಬಲ್‌ನಲ್ಲಿ ಇಲ್ಲ. ಸುಸನ್ನಳ ಮೇಲೆ ವ್ಯಭಿಚಾರದ ಸುಳ್ಳು ಆರೋಪ ಹೊರಿಸಿದ ಇಬ್ಬರು ಹಿರಿಯರನ್ನು ದಾನಿಯೇಲ ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳುತ್ತಾನೆ. ಒಬ್ಬೊಬ್ಬ ಒಂದೊಂದು ಮರದ ಹೆಸರು ಹೇಳುತ್ತಾನೆ. ಅಲ್ಲಿನ ಸಾಕ್ಷಿಗಳು ಬೇಕಂತಲೇ ಸುಳ್ಳು ಹೇಳಿದವರು, ಸಿನಿಮಾದವರು ಹಾಗಲ್ಲ. ಆರೋಪ ಹೊತ್ತವರಿಗೆ ಈ ಎರಡರಲ್ಲಿ ಯಾವುದು ಹೆಚ್ಚು ಅಪಾಯ ಅಂತ ಮಕ್ಕಳನ್ನೇ ಕೇಳಬೇಕು.