ಒಂಬತ್ತೂಕಾಲು

2025ರ ಫೆಬ್ರುವರಿ 10, ಸೋಮವಾರ. ಕೆಂಗೇರಿ ಮೆಟ್ರೋ ನಿಲ್ದಾಣ. ಹಿಂದಿನ ದಿನವಷ್ಟೇ ದರ ಏರಿತ್ತು. ಗರಿಷ್ಠ 60 ರೂಪಾಯಿ ಇದ್ದದ್ದು 90 ಆಗಿತ್ತು. ನಾನು ಹೋಗಬೇಕಿದ್ದದ್ದು ಕುಂದಲಹಳ್ಳಿಗೆ, ಅಂದರೆ ಆ ಗರಿಷ್ಠವೇ ನನ್ನ ಪಾಲಿಗೆ. ಸುತ್ತ ನಿಂತವರೆಲ್ಲ ಅದನ್ನೇ ಬೈಯುತ್ತಿದ್ದರು. ನಾನೂ ಸೇರಿಕೊಂಡು ಬೈದೆ. ಒಳಗೊಳಗೆ ಮಾತ್ರ ಒಂಥರಾ ಖುಷಿ. ಕೆಲಸ ಬಿಟ್ಟು ಮನೆಯಲ್ಲೇ ಷೇರುಪೇಟೆ ಟ್ರೇಡಿಂಗ್ ಮಾಡುತ್ತಿದ್ದ ನನಗೆ ಹದಿನಾರು ತಿಂಗಳ ಮೇಲೆ ನಾಲ್ಕು ಜನರ ಜೊತೆ ನಿಂತು ಬೈಯುವ ಯೋಗ ಬಂದಿತ್ತು. ಟ್ರೇಡಿಂಗ್‌ನಲ್ಲಿ ಬೈದುಕೊಳ್ಳೋಕೆ ಇರುವುದು ನಾವೊಬ್ಬರೇ, ಅಲ್ವಾ?

ಅದು ಹೊಸ ಕೆಲಸದ ಮೊದಲ ದಿನ. ಪಕ್ಕದಲ್ಲಿ ಕೂತಿದ್ದ ಹುಡುಗ ಮೊಬೈಲಿನಲ್ಲಿ ಗಿಫ್ಟ್ ನಿಫ್ಟಿ ನೋಡುತ್ತಿದ್ದ. ಅದು ನಮ್ಮ ಷೇರು ಸೂಚ್ಯಂಕ ನಿಫ್ಟಿಯ ಮೇಲಿನ ವ್ಯವಹಾರ, ಬೆಳಿಗ್ಗೆ ಆರೂವರೆಗೇ ಶುರುವಾಗುತ್ತದೆ. ನಮ್ಮ ಮಾರುಕಟ್ಟೆ ತೆರೆಯುವ ಮೊದಲೇ ಗಾಳಿ ಯಾವ ಕಡೆ ಎಂದು ತಿಳಿಯಲು ಎಲ್ಲರೂ ಅದನ್ನು ನೋಡುತ್ತಾರೆ. ನಾನೂ ನೋಡುತ್ತಿದ್ದೆ, ಹಲ್ಲುಜ್ಜುವ ಮೊದಲೇ. ಈಗಲೂ ಕಣ್ಣು ತಾನಾಗೇ ಅವನ ಮೊಬೈಲಿಗೆ ಹೋಯಿತು. ಅವನು ಪರದೆ ಆ ಕಡೆ ತಿರುಗಿಸಿಕೊಂಡ. ಸರಿಯಾಗಿಯೇ ಮಾಡಿದ.

ನಾನು ಸಂಬಳದ ಲೆಕ್ಕ ನೋಡುವವಳು. ಪೇರೋಲ್. ಹನ್ನೊಂದು ವರ್ಷ ಅದೇ ಕೆಲಸ ಮಾಡಿ 2023ರ ಸೆಪ್ಟೆಂಬರ್ ಕೊನೆಗೆ ಬಿಟ್ಟೆ. ಕೋವಿಡ್ ಸಮಯದಲ್ಲಿ ಶುರು ಮಾಡಿದ್ದ ಷೇರುಪೇಟೆಯ ಆಪ್ಷನ್ ವ್ಯವಹಾರ ತಕ್ಕಮಟ್ಟಿಗೆ ಕೈ ಹಿಡಿದಿತ್ತು. ಉಳಿತಾಯದ 9 ಲಕ್ಷ ಇತ್ತು. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಪಿಎಫ್ ಹಣ ಪೂರ್ತಿ ತೆಗೆದೆ, ಅದೊಂದು 5 ಲಕ್ಷ. ಒಟ್ಟು 14 ಲಕ್ಷ ಬಂಡವಾಳ. ನಮ್ಮನೆಯವರ ಸಂಬಳ ಮನೆ ಸಾಲದ ಕಂತಿಗೂ ಮಗಳ ಸ್ಕೂಲಿಗೂ ಹೋಗುತ್ತದೆ. ದಿನಸಿ, ಕರೆಂಟು, ಗ್ಯಾಸು, ಅತ್ತೆಯ ಔಷಧಿ ನನ್ನ ಪಾಲು. ತಿಂಗಳಿಗೆ 40 ಸಾವಿರ ಬೇಕೇ ಬೇಕು.

ವರ್ಷಕ್ಕೆ 4 ಲಕ್ಷ 80 ಸಾವಿರ. 14 ಲಕ್ಷದ ಮೇಲೆ ನೂರಕ್ಕೆ 34. ಬಂಡವಾಳ ಒಂದು ರೂಪಾಯಿ ಬೆಳೆಯದೆ, ಇದ್ದಲ್ಲೇ ಇರಬೇಕೆಂದರೂ ನಾನು ವರ್ಷಕ್ಕೆ ನೂರಕ್ಕೆ 34 ಗಳಿಸಬೇಕಿತ್ತು. ಬೇರೆಯವರ ಸಂಬಳವನ್ನು ಪೈಸೆ ಲೆಕ್ಕದಲ್ಲಿ ಹಾಕುವ ನಾನು ಈ ಲೆಕ್ಕ ಹಾಕಿದ್ದು ಕೆಲಸ ಬಿಟ್ಟು ಎಂಟು ತಿಂಗಳಾದ ಮೇಲೆ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ.

ಮೊದಲು ಎಲ್ಲ ಚೆನ್ನಾಗಿತ್ತು. 2023ರ ಡಿಸೆಂಬರ್‌ನಲ್ಲಿ ಮಾರುಕಟ್ಟೆ ಸುಮ್ನೆ ಏರುತ್ತಲೇ ಇತ್ತು. ಪುಟ್ ಎನ್ನುವ ಬಗೆಯ ಆಪ್ಷನ್ ಮಾರುವುದು ನನ್ನ ಕಸುಬು. ಪುಟ್ ಮಾರುವುದು ಅಂದರೆ, ನಿಫ್ಟಿ ಇಷ್ಟಕ್ಕಿಂತ ಕೆಳಗೆ ಹೋಗಲ್ಲ ಅಂತ ಇನ್ನೊಬ್ಬರಿಗೆ ವಿಮೆ ಕೊಟ್ಟ ಹಾಗೆ. ಪ್ರೀಮಿಯಂ ನಮಗೆ. ಬೆಂಕಿ ಬಿದ್ದರೆ ನಷ್ಟವೂ ನಮಗೇ. ಆ ತಿಂಗಳುಗಳಲ್ಲಿ ಬೆಂಕಿ ಬೀಳಲಿಲ್ಲ. ಅದನ್ನು ನಾನು ನನ್ನ ಜಾಣತನ ಎಂದುಕೊಂಡೆ. 2024ರ ಜನವರಿ 17ರ ಬುಧವಾರ ಬ್ಯಾಂಕ್ ಷೇರುಗಳ ಸೂಚ್ಯಂಕ ಬ್ಯಾಂಕ್ ನಿಫ್ಟಿ ಒಂದೇ ದಿನ 2,000 ಅಂಶಕ್ಕಿಂತ ಜಾಸ್ತಿ ಬಿದ್ದಾಗ 70 ಸಾವಿರ ಹೋಯಿತು. ಆದರೂ ಆ ಹಣಕಾಸು ವರ್ಷ ಮುಗಿದಾಗ 1 ಲಕ್ಷ 40 ಸಾವಿರ ಲಾಭವೇ ಇತ್ತು.

ಮನೆಯಲ್ಲಿ ಇದನ್ನು ಕೆಲಸ ಎಂದು ಒಪ್ಪಿಸುವುದೇ ಒಂದು ಕೆಲಸವಾಗಿತ್ತು. "ಮನೇಲೇ ಇದೀಯಲ್ಲ" ಎನ್ನುವ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳಿದೆನೋ. ಕೊರಿಯರ್ ಬಂದರೆ ನಾನು, ಕರಿಬೇವು ಮುಗಿದರೆ ನಾನು. ಒಂದು ದಿನ ಒಂಬತ್ತೂಕಾಲಕ್ಕೆ ಮಾರುಕಟ್ಟೆ ತೆರೆಯಿತು, ಒಂಬತ್ತೂ ಇಪ್ಪತ್ತಕ್ಕೆ ಗ್ಯಾಸ್ ಸಿಲಿಂಡರ್ ಬಂತು. ಅತ್ತೆ ಕೂಗಿದರು. ಸಿಲಿಂಡರ್ ಇಳಿಸಿಕೊಂಡು, ಚಿಲ್ಲರೆ ಹುಡುಕಿ, ಸಹಿ ಮಾಡಿ ಬರುವಷ್ಟರಲ್ಲಿ 18 ಸಾವಿರ ಹೋಗಿತ್ತು. ಅವತ್ತು ಅತ್ತೆಯ ಮೇಲೆ ರೇಗಿಬಿಟ್ಟೆ. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ನನ್ನ ರೂಮಿನ ಕಡೆ ಯಾರೂ ಬರಬಾರದು, ಟಿವಿ ಬೇಡ, ಮಿಕ್ಸಿ ಬೇಡ ಅಂದೆ. ಅತ್ತೆ ಒಂದು ಮಾತೂ ಆಡಲಿಲ್ಲ. ತಿಪಟೂರಿನ ಕಡೆಯವರು, ಜೋರು ಬಾಯಿ. ಅವರು ಸುಮ್ಮನಾದದ್ದು ನೋಡಿ ನನಗೇ ಹೆಚ್ಚು ಕಸಿವಿಸಿಯಾಯಿತು. ಮರುದಿನದಿಂದ ಚಟ್ನಿ ಒಂಬತ್ತರೊಳಗೆ, ಇಲ್ಲವೇ ಹತ್ತರ ಮೇಲೆ.

ಜೂನ್ 4ರ ವಿಷಯ ಹೇಳಲೇಬೇಕು. ಲೋಕಸಭೆ ಚುನಾವಣೆಯ ಎಣಿಕೆ. ಹಿಂದಿನ ದಿನ, ಮತಗಟ್ಟೆ ಸಮೀಕ್ಷೆ ನೋಡಿ ನಿಫ್ಟಿ ನೂರಕ್ಕೆ 3ಕ್ಕಿಂತ ಜಾಸ್ತಿ ಏರಿತ್ತು. ನಾನು ಸಾಮಾನ್ಯವಾಗಿ ನಾಲ್ಕು ಲಾಟ್, ಅಂದರೆ ನಾಲ್ಕು ಕಟ್ಟು, ಮಾರುವವಳು. ಅವತ್ತು 22,500ರ ಪುಟ್ ಹನ್ನೆರಡು ಲಾಟ್ ಮಾರಿದೆ. ಯಾಕೆ? ಸಮೀಕ್ಷೆ ನಂಬಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ನಿಜ ಏನೆಂದರೆ, ಮೇ ತಿಂಗಳಲ್ಲಿ 40 ಸಾವಿರ ಹುಟ್ಟಿರಲಿಲ್ಲ. ಮಗಳ ಪುಸ್ತಕ, ಯೂನಿಫಾರ್ಮ್ ಅಂತ ಜೂನ್‌ನಲ್ಲಿ ಇನ್ನೂ 25 ಸಾವಿರ ಬೇಕಿತ್ತು. ಹನ್ನೆರಡು ಎನ್ನುವ ಸಂಖ್ಯೆ ಚಾರ್ಟಿನಿಂದ ಬಂದದ್ದಲ್ಲ, ದಿನಸಿ ಚೀಟಿಯಿಂದ ಬಂದದ್ದು.

ಎಣಿಕೆ ಸಾಗಿದಂತೆ ನಿಫ್ಟಿ ಕುಸಿಯಿತು. ಮಧ್ಯಾಹ್ನದ ಹೊತ್ತಿಗೆ ನಾನು ನೂರು ಚಿಲ್ಲರೆಗೆ ಮಾರಿದ್ದ ಪುಟ್ ಸಾವಿರ ದಾಟಿತ್ತು. ಕೈ ನಡುಗಿ ಎಲ್ಲವನ್ನೂ ಅಲ್ಲೇ ವಾಪಸ್ ಕೊಂಡೆ. ಆಗಿನ ಲಾಟ್ 25ರದ್ದು, ಹನ್ನೆರಡು ಲಾಟ್ ಅಂದರೆ 300. ಸುಮಾರು 3 ಲಕ್ಷ ಹೋಯಿತು. ಅವತ್ತಿನ ಕುಸಿತ ದಿನದ ಕೊನೆಗೆ ನೂರಕ್ಕೆ 6ರ ಹತ್ತಿರ. ಆಮೇಲಿನ ಕಥೆ ಇನ್ನೂ ಚೆಂದ. ಗುರುವಾರ ಎಕ್ಸ್‌ಪೈರಿ, ಅಂದರೆ ಆ ಪುಟ್ ಅವಧಿ ಮುಗಿಯುವ ಹೊತ್ತಿಗೆ ನಿಫ್ಟಿ 22,800 ದಾಟಿತ್ತು. ನಾನು ಮಾರಿದ್ದ ಅದೇ ಪುಟ್ ಸೊನ್ನೆಯಾಗಿ ಮುಗಿಯಿತು. ಎರಡು ದಿನ ಏನೂ ಮಾಡದೆ ಕೂತಿದ್ದರೆ ಲಾಭ! ಆದರೆ ಹಾಲಿನವನಿಗೆ ಕೊಡಬೇಕಾದ ದುಡ್ಡು ಅದೇ ಖಾತೆಯಲ್ಲಿ ಇರುವವರು ಎರಡು ದಿನ ಹಾಗೆ ಕೂರೋದಿಲ್ಲ.

ಆಮೇಲೆ ದೊಡ್ಡ ಘಟನೆ ಏನೂ ಇಲ್ಲ. ಸವೆತ ಅಷ್ಟೇ. ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯ ವರದಿ ಬಂತು. ಮೂರು ವರ್ಷಗಳಲ್ಲಿ ಎಫ್‌ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್) ವ್ಯವಹಾರ ಮಾಡಿದ ನೂರು ಜನರಲ್ಲಿ 93 ಜನರಿಗೆ ನಷ್ಟ. ನಾನು ಆ ಉಳಿದ ಏಳು ಜನರಲ್ಲಿ ಜಾಗ ಹುಡುಕಿದೆ. ಅಕ್ಟೋಬರ್ 1ರಿಂದ ಆಪ್ಷನ್ ಮಾರಾಟದ ತೆರಿಗೆ ಏರಿತು. ನವೆಂಬರ್ 13ಕ್ಕೆ, ಬುಧವಾರ ಬುಧವಾರ ಇರುತ್ತಿದ್ದ ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿಯೇ ನಿಂತಿತು. ನನ್ನ ಬುಧವಾರಗಳು ಖಾಲಿಯಾದವು. ಡಿಸೆಂಬರ್ ಕೊನೆಗೆ ಖಾತೆಯಲ್ಲಿ 5 ಲಕ್ಷ 10 ಸಾವಿರ ಇತ್ತು.

ಕೂತು ಲೆಕ್ಕ ಹಾಕಿದೆ. ಹದಿನೈದು ತಿಂಗಳಲ್ಲಿ ಮನೆಗೆ ತೆಗೆದದ್ದು 6 ಲಕ್ಷ. ಟ್ರೇಡಿಂಗ್‌ನಲ್ಲಿ, ಬ್ರೋಕರೇಜು ತೆರಿಗೆ ಎಲ್ಲ ಸೇರಿ, ಕಳೆದದ್ದು 2 ಲಕ್ಷ 90 ಸಾವಿರ. ಕಳೆದದ್ದಕ್ಕಿಂತ ಉಂಡದ್ದೇ ಜಾಸ್ತಿ. ಅದನ್ನು ನೋಡಿ ಅಳು ಬರಲಿಲ್ಲ. ಹಗುರಾಯಿತು. ಅವತ್ತೇ ರಾತ್ರಿ ಹಳೆಯ ಬಯೋಡೇಟಾ ತೆಗೆದು ಕೂತೆ.

ಈಗ ಕುಂದಲಹಳ್ಳಿಗೆ ಬರೋಣ. ಸರಿಯಾಗಿ ಒಂಬತ್ತೂಕಾಲಕ್ಕೆ ನಾನು ಎಚ್‌ಆರ್ ರೂಮಿನಲ್ಲಿದ್ದೆ. ಗಡಿಯಾರ ನೋಡಬೇಕಿರಲಿಲ್ಲ, ಹೊಟ್ಟೆಯೊಳಗೆ ಗೊತ್ತಾಯಿತು. ಬ್ಯಾಗಿನೊಳಗೆ ಕೈ ಹೋಯಿತು. ಆಪ್ ತೆಗೆದುಹಾಕಿ ಒಂದು ತಿಂಗಳಾಗಿತ್ತು. ಸುಮ್ನೆ ನೀರಿನ ಬಾಟಲಿ ತೆಗೆದು ಕುಡಿದೆ.

ಎಚ್‌ಆರ್ ಹುಡುಗಿ ಫಾರಂ ತುಂಬುತ್ತಿದ್ದಳು. ಪಿಎಫ್‌ನ ಹಳೆಯ ಯುಎಎನ್ ನಂಬರ್ ಕೇಳಿದಳು, ಕೊಟ್ಟೆ. ನಂಬರ್ ಮಾತ್ರ ಹಳೆಯದು, ಒಳಗೆ ಏನೂ ಇಲ್ಲ. ಆಮೇಲೆ ಹದಿನಾರು ತಿಂಗಳ ಬಿಡುವಿನ ಕಾರಣ. ಅಲ್ಲಿ ನಾಲ್ಕೈದು ಆಯ್ಕೆ ಇದ್ದವು.

"ಮೇಡಂ, ಮಗು ನೋಡ್ಕೊಳ್ಳೋಕೆ ಅಂತ ಹಾಕ್ಲಾ? ಅದಕ್ಕೆ ದಾಖಲೆ ಏನೂ ಬೇಕಾಗಲ್ಲ."

ಎಷ್ಟು ಸುಲಭ! ಇದೇ ಕೆಲಸ ಮಾಡಿ ಬಂದ ಗಂಡಸಿಗೆ ಈ ಸೌಕರ್ಯ ಸಿಗುತ್ತಿರಲಿಲ್ಲ. ನಮ್ಮ ನೆಂಟರಲ್ಲೂ ಅರ್ಧ ಜನ ಹಾಗೇ ತಿಳಿದಿದ್ದರು, ನಾನೂ ತಿದ್ದಿರಲಿಲ್ಲ. "ಹಾಕಿ" ಎಂದೆ. ಅವಳು ಒತ್ತುವ ಮೊದಲೇ "ಬೇಡ, ಸ್ವಂತ ವ್ಯವಹಾರ ಅಂತ ಹಾಕಿ" ಎಂದೆ. ಹೋದ ವರ್ಷದ ಐಟಿಆರ್-3, ಅಂದರೆ ವ್ಯವಹಾರದ ಆದಾಯ ತೋರಿಸುವ ತೆರಿಗೆ ರಿಟರ್ನ್, ಕೊಟ್ಟೆ. ಅದರಲ್ಲಿ 1 ಲಕ್ಷ 40 ಸಾವಿರ ಲಾಭ ಇತ್ತಲ್ಲ. ಈ ವರ್ಷದ್ದನ್ನು ಇನ್ನೂ ಯಾರೂ ಕೇಳುವ ಹಾಗಿಲ್ಲ. ಪ್ರಾಮಾಣಿಕತೆಯಲ್ಲೂ ನಾನು ಒಳ್ಳೆಯ ವರ್ಷವನ್ನೇ ಆರಿಸಿಕೊಂಡೆ.

ಸಂಬಳ 58 ಸಾವಿರ. ಹಿಂದೆ ಬಿಟ್ಟಾಗ 62 ಇತ್ತು. ನನ್ನ ಮೇಲಿನವಳು ನನಗಿಂತ ಆರು ವರ್ಷ ಚಿಕ್ಕವಳು. ಇದರ ಬಗ್ಗೆ ಜಾಸ್ತಿ ಹೇಳಲು ಇಷ್ಟವಿಲ್ಲ.

ಫೆಬ್ರುವರಿ ಪೇರೋಲ್‌ನವರಿಗೆ ಸುಗ್ಗಿಯ ಕಾಲ. ಬಾಡಿಗೆ ರಸೀದಿ, ಎಲ್‌ಐಸಿ, ಮನೆ ಸಾಲದ ಬಡ್ಡಿ, ಎಲ್ಲರ ದಾಖಲೆ ನೋಡಿ ಟಿಡಿಎಸ್, ಅಂದರೆ ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ, ಸರಿಮಾಡಬೇಕು. ಅದರ ಮೇಲೆ ಆಗಷ್ಟೇ ಬಜೆಟ್ ಬಂದಿತ್ತು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದಿದ್ದರು. ಅದು ಏಪ್ರಿಲ್‌ನಿಂದ ಎಂದು ಹೇಳಿ ಹೇಳಿ ಪಕ್ಕದವಳ ಗಂಟಲು ಕಟ್ಟಿತ್ತು. ಊಟವಾದ ಮೇಲೆ ಒಬ್ಬ ಹುಡುಗ ಬಂದ. ಇಪ್ಪತ್ತನಾಲ್ಕು, ಇಪ್ಪತ್ತೈದು ಇರಬಹುದು. ಕಾಗದವನ್ನು ಮಡಚಿ ಹಿಡಿದಿದ್ದ.

"ಮೇಡಂ, ಇದನ್ನ ಸಂಬಳದಲ್ಲಿ ಕಳೆದು ಟಿಡಿಎಸ್ ಕಮ್ಮಿ ಮಾಡೋಕಾಗುತ್ತಾ?"

ಬಿಡಿಸದೆಯೇ ಅದೇನೆಂದು ಗೊತ್ತಾಯಿತು. ಎಫ್‌ ಅಂಡ್ ಒ ನಷ್ಟದ ಪಟ್ಟಿ. ಪಕ್ಕದವಳು "ಬಿಸಿನೆಸ್ ಲಾಸ್ ಅಲ್ವಾ, ತೋರಿಸಬಹುದೇನೋ" ಎನ್ನುತ್ತಿದ್ದಳು. ಹೊಸಬಳು ಬಾಯಿ ಹಾಕಬಾರದು, ಆದರೂ ಹಾಕಿದೆ.

"ಸಂಬಳದ ಎದುರು ಕಳೆಯೋಕೆ ಬರಲ್ಲಪ್ಪ. ಐಟಿಆರ್-3 ಹಾಕು. ಗಡುವಿನೊಳಗೇ ಹಾಕಬೇಕು, ತಡ ಮಾಡಿದ್ರೆ ಹೋಯ್ತು. ಮುಂದಿನ ಎಂಟು ವರ್ಷ ಇಟ್ಕೋಬಹುದು. ಅಷ್ಟರಲ್ಲಿ ವ್ಯವಹಾರದಲ್ಲಿ ಲಾಭ ಬಂದ್ರೆ ಅದರಲ್ಲಿ ಕಳೆಯಬಹುದು."

"ಎಂಟು ವರ್ಷದಲ್ಲಿ ಬರದಿದ್ರೆ?"

"ಕಾಗದ ಇರುತ್ತೆ."

ಅವನು ನಕ್ಕ. ಎಷ್ಟು ನಷ್ಟ ಎಂದು ನಾನು ಕೇಳಲಿಲ್ಲ. ಇನ್ನೂ ಮಾಡ್ತಿದೀಯಾ ಎಂದೂ ಕೇಳಲಿಲ್ಲ. ನನ್ನದು ಈ ವರ್ಷ 4 ಲಕ್ಷ 30 ಸಾವಿರ, ಅದನ್ನೂ ಜುಲೈನಲ್ಲಿ ಹೀಗೇ ದಾಖಲಿಸಬೇಕು ಎನ್ನುವುದನ್ನೂ ಹೇಳಲಿಲ್ಲ. ಅವನು ಕಾಗದವನ್ನು ಮತ್ತೆ ಮೊದಲಿನ ಮಡಿಕೆಗೇ ಮಡಚಿ ಜೇಬಿಗಿಟ್ಟ. ಹೋಗುವಾಗ ತಿರುಗಿ ನೋಡಿದ. ಅವನಿಗೆ ತಿಳಿಯಿತು ಅನ್ನಿಸುತ್ತದೆ.

ಮನೆ ತಲುಪಿದಾಗ ರಾತ್ರಿ ಎಂಟಾಗಿತ್ತು. ಕಾಲು ನೋಯುತ್ತಿತ್ತು. ಅತ್ತೆ ತಟ್ಟೆ ಇಟ್ಟರು. ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಬಟ್ಟಲು ಕಾಯಿಚಟ್ನಿ.

"ಬೆಳಿಗ್ಗೆದು ಚಟ್ನಿ. ನಿಮ್ಮ ಮಾವ ಚಟ್ನಿ ಇಲ್ಲದೆ ಬರೀ ದೋಸೆ ತಿಂದ್ರು," ಅಂದರು.

"ಯಾಕತ್ತೆ, ಕರೆಂಟ್ ಹೋಗಿತ್ತಾ?"

"ಇಲ್ಲ ಕಣಮ್ಮ. ಕಾಯಿ ತುರಿದು ಜಾರಿಗೆ ಹಾಕಿ, ಗಡಿಯಾರ ನೋಡಿದ್ರೆ ಒಂಬತ್ತೂ ಹತ್ತು. ಸರಿ, ಹತ್ತಾಗ್ಲಿ ಅಂತ ಸುಮ್ನೆ ಕೂತಿದ್ದೆ. ನೀನಿಲ್ಲ ಅನ್ನೋದೇ ಮರೆತುಹೋಗಿತ್ತು."