ಹೊಂಗೆ ಎಲೆ ಮತ್ತು ಹಿತೋಮಿ ಹೊಸೊನೊ

ನಮ್ಮ ಸೆರಾಮಿಕ್ಸ್ ಶೆಡ್ಡಿನ ಹಿಂದೆ ಹೊಂಗೆ ಮರ ಇತ್ತು. ಎರಡನೇ ವರ್ಷದಲ್ಲಿ ಮೇಷ್ಟ್ರು ಅದರ ಎಲೆಯೊಂದನ್ನು ಕೈಗಿಟ್ಟು, "ಇದನ್ನ ಮಣ್ಣಲ್ಲಿ ಮಾಡ್ಕೊಂಡು ಬಾ" ಅಂದರು. ಕಾಲು ಗಂಟೆಯಲ್ಲಿ ಮುಗಿಸಿ ತಂದೆ. ನೋಡಿದವರೇ, "ಎಲೆ ಅಂತ ಗೊತ್ತಾಗುತ್ತೆ. ಯಾವ ಮರದ್ದು ಅಂತ ಗೊತ್ತಾಗಲ್ಲ" ಅಂದರು.

ಆಮೇಲೆ ಅಂಥ ನಲವತ್ತು ಎಲೆ ಮಾಡಿ ಒಂದು ಬಟ್ಟಲಿಗೆ ಅಂಟಿಸಿದೆ. ಬಟ್ಟಲು ಆಗಲೇ ಅರೆ ಒಣಗಿತ್ತು, ಎಲೆಗಳು ಹಸಿ. ಒಣಗುವಾಗ ಹಸಿ ಮಣ್ಣು ಜಾಸ್ತಿ ಕುಗ್ಗುತ್ತದೆ ಅಲ್ವಾ? ಬೆಳಗ್ಗೆ ಬಂದು ನೋಡಿದರೆ ಹಲಗೆ ತುಂಬ ಉದುರಿದ ಎಲೆಗಳು. ಮೇಷ್ಟ್ರು ಬೈಯಲಿಲ್ಲ. ಒಂದು ಒದ್ದೆ ಗೋಣಿಚೀಲ ತಂದುಕೊಟ್ಟು, "ಇನ್ನೊಂದು ಮಾಡು. ಈ ಸಲ ಮುಚ್ಚಿಡು" ಅಂದರು.

ಎಷ್ಟೋ ವರ್ಷದ ಮೇಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಬಟ್ಟಲಿನ ಮುಂದೆ ನಿಂತಾಗ ಆ ಗೋಣಿಚೀಲ ನೆನಪಾಯಿತು. ಹಿತೋಮಿ ಹೊಸೊನೊ 2013ರಲ್ಲಿ ಮಾಡಿದ 'ಎ ಲಾರ್ಜ್ ಫೆದರ್ ಲೀವ್ಸ್ ಬೌಲ್'. ಬಣ್ಣವಿಲ್ಲ, ಬರೀ ಬಿಳಿ ಪಿಂಗಾಣಿ. ಒತ್ತೊತ್ತಾಗಿ ಎಲೆ, ಎಲೆಯ ಮೇಲೆ ಎಲೆ. ಒಂದೊಂದಕ್ಕೂ ನರ ಇದೆ, ಅಂಚಿನಲ್ಲಿ ಕಚ್ಚು ಇದೆ. ಎಲೆಗಳ ಸಂದಿಯ ನೆರಳೇ ಅಲ್ಲಿ ಬಣ್ಣದ ಕೆಲಸ ಮಾಡುತ್ತದೆ.

ಹೊಸೊನೊ 1978ರಲ್ಲಿ ಜಪಾನಿನ ಗಿಫು ಪ್ರಾಂತ್ಯದಲ್ಲಿ ಹುಟ್ಟಿದವರು. ಮಿನೊ ಪಾತ್ರೆಗಳ ಸೀಮೆ ಅದು. ಕನಜವಾದಲ್ಲಿ ಕುತಾನಿ ಪಿಂಗಾಣಿ ಕಲಿತರು, ಆಮೇಲೆ ಕೋಪನ್‌ಹೇಗನ್, 2009ಕ್ಕೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಮುಗಿಸಿದರು. ಇಂಗ್ಲೆಂಡಿನಲ್ಲಿ ಅವರ ಮನಸ್ಸು ಹಿಡಿದದ್ದು ಅಲ್ಲಿನ ಹಳೆಯ ಕುಂಬಾರಿಕೆ ಕಂಪನಿ ವೆಡ್ಜ್‌ವುಡ್‌ನ ಜಾಸ್ಪರ್ ಪಾತ್ರೆಗಳು. 1770ರ ದಶಕದಿಂದ ಬಂದದ್ದು. ನೀಲಿ ಮೈಯ ಮೇಲೆ ಅಚ್ಚಿನಲ್ಲಿ ಒತ್ತಿ ತೆಗೆದ ತೆಳು ಬಿಳಿ ಹೂಬಳ್ಳಿ. ವೆಡ್ಜ್‌ವುಡ್‌ನವರು ಒಂದು ಪದರ ಹಚ್ಚಿ ನಿಲ್ಲಿಸುತ್ತಿದ್ದರು. ಇವರು ನಿಲ್ಲಿಸಲಿಲ್ಲ.

ಮೊದಲು ಗಿಡದ ಹತ್ತಿರ ಹೋಗಿ ಎಲೆ, ಹೂವು ನೋಡುತ್ತಾರೆ, ಬರೆಯುತ್ತಾರೆ. ಅದರ ಮಾದರಿ ಮಾಡಿ ಪ್ಲಾಸ್ಟರ್ ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಮಣ್ಣು ಒತ್ತಿ ತೆಗೆದ ಮೇಲೂ ಒಂದೊಂದು ಎಲೆಯನ್ನು ಕೈಯಲ್ಲೇ ಮತ್ತೆ ಕೊರೆಯುತ್ತಾರೆ. ತಿಗರಿಯ ಮೇಲೆ ಮಾಡಿದ ಪಾತ್ರೆಗೆ ಅವನ್ನು ಪದರ ಪದರವಾಗಿ ಹಚ್ಚುತ್ತಾ ಹೋದರೆ ಕೊನೆಗೆ ಒಳಗಿನ ಪಾತ್ರೆಯೇ ಕಾಣುವುದಿಲ್ಲ. ಅಷ್ಟು ಎಲೆ, ಅಷ್ಟು ಅಂಟು! ಎಲ್ಲವೂ ಒಂದೇ ಹದದಲ್ಲಿ ಒಣಗಬೇಕು. ನನ್ನ ನಲವತ್ತು ಎಲೆಯ ಗತಿ ಕಂಡವಳಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಗಾಜಿನ ಮುಂದಿನಿಂದ ಕದಲೋಕೆ ಆಗಲಿಲ್ಲ.

ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿದೆ. ಗಿಫು, ಲಂಡನ್, ವೆಡ್ಜ್‌ವುಡ್ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಸುಮ್ನೆ ಕೇಳಿಸಿಕೊಂಡು, "ಒಣಗೋಕೆ ಎಷ್ಟು ದಿನ ಬಿಡ್ತಾರಂತೆ?" ಅಂದರು.

"ತಿಂಗಳುಗಟ್ಟಲೆ ಸಾರ್."

"ಹಾಂ" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದರು, "ಯಾವ ಮರದ ಎಲೆ ಅಂತ ಗೊತ್ತಾಗುತ್ತಾ?"